ಭೇಟಿ ಪುಸ್ತಕದಲ್ಲಿ ಇಬ್ಬರು

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದವರು ನನ್ನ ಕಾಕಾ. ಕಣ್ಣಿಗೆ ಕಾಣದವರು ಬಂದು ಪಕ್ಕದಲ್ಲಿ ಕೂರುವುದೆಲ್ಲ ನಡೆಯುವ ಮಾತಲ್ಲ ಎಂದವನು ನಾನು. ಕಾಕಾನ ಮಾತು ಸುಳ್ಳಾಯಿತು. ಅದನ್ನು ಸುಳ್ಳು ಮಾಡುವುದಕ್ಕೆ ನಾನು ಆರು ವರ್ಷ ಒದ್ದಾಡಿದ್ದೇನೆ. ನನ್ನ ಮಾತು ಏನಾಯಿತೆಂದು ನನಗೆ ಈಗಲೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ಕೇಳುವುದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಮ್ಮದು ಮೂಲತಃ ಬೆಟಗೇರಿ ಕಡೆಯ ನೇಕಾರರ ಮನೆ. ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಅಪ್ಪ ಮಗ್ಗ ಬಿಟ್ಟು ಕಾಮಾಕ್ಷಿಪಾಳ್ಯಕ್ಕೆ ಬಂದು ಲೇತ್ ಮಷೀನಿನ ಮುಂದೆ ನಿಂತರು. ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದರು. ನಾನು ಹಗಲು ರಟ್ಟಿನ ಡಬ್ಬ ಮಾಡುವ ಯೂನಿಟ್ಟಿನಲ್ಲಿ ಕೆಲಸ, ಸಂಜೆ ರಾಜಾಜಿನಗರದ ಕಾಲೇಜು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಪಾಸಾಗಿ, ಮೂರು ವರ್ಷದ ಬಿ.ಎ.ಯನ್ನು ಆರು ವರ್ಷಕ್ಕೆ ಮುಗಿಸಿದೆ. ನಾನು ಪದವೀಧರ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಾಕಾ ಬೆಟಗೇರಿಯಲ್ಲೇ ಉಳಿದವರು. ಅಪ್ಪನ ತಮ್ಮ. ಅವರ ಕೈಕೆಳಗೆ ಕೆಲಸ ಕಲಿತವನೊಬ್ಬ ಎಲ್ಲಿಂದಲೋ ಸುಳ್ಳು ಮಾರ್ಕ್ಸ್ ಕಾರ್ಡು ತಂದು, ಅವರ ಮೇಲೆಯೇ ಸೂಪರ್‌ವೈಸರ್ ಆಗಿ ಕೂತಿದ್ದನಂತೆ. ಆವತ್ತಿನಿಂದ ಸರ್ಟಿಫಿಕೇಟು ಎಂದರೆ ಅವರಿಗೆ ಉರಿ. ನಮ್ಮ ಮನೆಗೆ ಬಂದಾಗಲೆಲ್ಲ, "ಏನಲೇ ತಮ್ಮಾ, ಇನ್ನೂ ಓದಾಕತ್ತೀಯೇನು? ಸರ್ಟಿಫಿಕೇಟಂದ್ರ ಯಾರಿಗರೆ ಸುಳ್ಳು ಹೇಳಿ ತರೋ ಕಾಗದ. ನಮ್ಮ ಮನ್ಯಾಗ ಅದು ಆಗಂಗಿಲ್ಲ. ನಮಗ ಸುಳ್ಳು ಹೇಳಾಕ ಬರಂಗಿಲ್ಲ" ಅನ್ನುತ್ತಿದ್ದರು. ಅದು ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯುತ್ತಿರಲಿಲ್ಲ.

ಡಿಗ್ರಿ ಆದಮೇಲೆ ಮಿಷನರಿ ತರಬೇತಿಗೆ ಸೇರಿದೆ. ವಿಜಯನಗರದಲ್ಲಿ ಬಾಡಿಗೆಗೆ ಹಿಡಿದ ಎರಡು ಮಹಡಿಯ ಕಟ್ಟಡ, ಕೆಳಗೆ ತರಗತಿ, ಮೇಲೆ ಹುಡುಗರ ವಾಸ. ಒಂದು ವರ್ಷದ ತರಬೇತಿ. ಅದು ಮುಗಿದರೆ ಹಳ್ಳಿಯೊಂದರ ಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಕೊಡುವುದಾಗಿ ಹೇಳಿದ್ದರು. ಎರಡು ಕಾಗದ ಬೇಕಿತ್ತು: ಡಿಗ್ರಿಯದು ಒಂದು, ತರಬೇತಿಯದು ಒಂದು. ಡಿಗ್ರಿಯದು ಕೈಯಲ್ಲಿತ್ತು.

ನಮ್ಮ ಪ್ರಾಂಶುಪಾಲರು ಗ್ರೇಸ್ ಮೇಡಂ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೆಳಗಿನ ಪ್ರಾರ್ಥನೆಯಲ್ಲಿ ಯಾರಾದರೂ ಎದ್ದು, ಕನಸಿನಲ್ಲಿ ಬೆಳಕು ಕಂಡಿತು, ಧ್ವನಿ ಕೇಳಿಸಿತು ಎಂದು ಶುರು ಮಾಡಿದರೆ, "ಕನಸು ಬಿತ್ತು ಅಂದ್ರೆ ನಿದ್ದೆ ಚೆನ್ನಾಗಿ ಬಂದಿದೆ ಅಂತ. ಕೂತ್ಕೊಳ್ಳಪ್ಪ, ಮುಂದಿನವರು ಹೇಳಿ" ಅನ್ನುತ್ತಿದ್ದರು. ನನಗೆ ಅವರು ಹಿಡಿಸಿದ್ದೇ ಅದಕ್ಕೆ.

ತರಬೇತಿಯಲ್ಲಿ ಮುಖ್ಯವಾದದ್ದು ಮನೆಭೇಟಿ. ಕಾಯಿಲೆಯವರು, ಕೆಲಸ ಕಳೆದುಕೊಂಡವರು, ಒಂಟಿಯಾಗಿರುವವರು, ಇಂಥ ಚರ್ಚ್ ಸಭೆಯವರ ಮನೆಗೆ ಶನಿವಾರ ಹೋಗಿ, ಅವರ ಮಾತು ಕೇಳಿ, ಪ್ರಾರ್ಥನೆ ಮಾಡಿ ಬರಬೇಕು. ಒಟ್ಟು ಮೂವತ್ತು ಮನೆ. ಇಬ್ಬಿಬ್ಬರಾಗಿಯೇ ಹೋಗಬೇಕು, ಬೈಬಲಿನ ಸುವಾರ್ತೆಯಲ್ಲಿ ಶಿಷ್ಯರನ್ನು ಕಳಿಸಿದ್ದೂ ಹಾಗೆಯೇ. "ಒಬ್ಬನೇ ಹೋದ್ರೆ ಉಪದೇಶ ಮಾಡ್ತೀಯ, ಇಬ್ಬರು ಹೋದ್ರೆ ಒಬ್ಬನಾದ್ರೂ ಕೇಳಿಸ್ಕೊಳ್ತಾನೆ" ಎಂದು ಮೇಡಂ ವಿವರಣೆ. ಹಿಂದಿನ ಬ್ಯಾಚಿನ ಹುಡುಗರು ಬೇಕರಿಯಲ್ಲಿ ಕೂತು ಬನ್ನು ತಿನ್ನುತ್ತ ಭೇಟಿ ಪುಸ್ತಕ ತುಂಬಿಸಿ ಸಿಕ್ಕಿಬಿದ್ದಿದ್ದರಿಂದ ಇನ್ನೊಂದು ನಿಯಮವೂ ಬಂದಿತ್ತು. ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು ಎಂದು ಮನೆಯವರೇ ತಮ್ಮ ಕೈಯಲ್ಲಿ ಬರೆಯಬೇಕು. ಅದರ ಕೆಳಗೆ ನಾವಿಬ್ಬರೂ ಸಹಿ ಹಾಕಬೇಕು.

ನನ್ನ ಜೊತೆಗಾರ ಸ್ಟೀಫನ್, ಕೊಳ್ಳೇಗಾಲದವನು. ನಗಿಸುವ ಹುಡುಗ. ಕೊನೆಯ ಶನಿವಾರ ನಮ್ಮ ಲೆಕ್ಕದಲ್ಲಿ ಇನ್ನೂ ಮೂರು ಮನೆ ಬಾಕಿ ಇದ್ದವು. ಸೋಮವಾರ ಬೆಳಿಗ್ಗೆ ಪುಸ್ತಕ ಒಪ್ಪಿಸಬೇಕು. ಆ ಶನಿವಾರವೇ ಅವನಿಗೆ ಜ್ವರ. ಎದ್ದು ನಿಂತರೆ ತೂರಾಡುತ್ತಿದ್ದ. ಉಳಿದ ಜೋಡಿಗಳು ಬೆಳಿಗ್ಗೆಯೇ ಹೊರಟುಹೋಗಿದ್ದವು. ಮೇಡಂ ಮೈಸೂರಿಗೆ ಹೋಗಿದ್ದರು, ಫೋನು ಹತ್ತುತ್ತಿರಲಿಲ್ಲ.

"ನೀನು ಹೋಗ್ಬಿಟ್ಟು ಬಾ ಗುರು. ಸಂಜೆ ನಾನು ಸಹಿ ಹಾಕ್ತೀನಿ. ಯಾರು ನೋಡ್ತಾರೆ?" ಅಂದ ಸ್ಟೀಫನ್.

ನಾನು ಹೋದೆ. ತಪ್ಪು ಎಂದು ಗೊತ್ತಿದ್ದೇ ಹೋದೆ. ಮೂರು ಮನೆಗಾಗಿ ಒಂದು ವರ್ಷ ಹೋಗುತ್ತದೆ, ಹಾಸ್ಟೆಲಿನವರು ಕಾಯುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಮೊದಲನೆಯದು ಕಾಮಾಕ್ಷಿಪಾಳ್ಯದಲ್ಲಿ ವಿನೋದ ಎಂಬವನ ಮನೆ. ರಾಯಚೂರು ಕಡೆಯವನು, ಊಟ ತಲುಪಿಸುವ ಬೈಕಿನ ಕೆಲಸ. ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಹಾಸಿಗೆಯಿಂದಲೇ, "ಬರ್ರಿ ಬ್ರದರ್, ಕುರ್ಚಿ ಒಂದೇ ಐತಿ, ಆ ಸ್ಟೂಲೂ ಎಳ್ಕೊರ್ರಿ" ಅಂದ. ನಾನು ಕುರ್ಚಿಯಲ್ಲಿ ಕೂತೆ. ಸ್ಟೂಲು ಯಾಕೆಂದು ಯೋಚಿಸಲಿಲ್ಲ. ಕಾಲಿನ ಕಥೆ ಕೇಳಿ, ಪ್ರಾರ್ಥನೆ ಮಾಡಿ, ಪುಸ್ತಕ ಬರೆಸಿಕೊಂಡು, ಓದದೆಯೇ ಚೀಲಕ್ಕೆ ಹಾಕಿಕೊಂಡೆ.

ಎರಡನೆಯದು ಕುರುಬರಹಳ್ಳಿ. ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಆಂಟಿಯೊಬ್ಬರು, ಗಂಡ ತೀರಿಕೊಂಡವರು. ಅವರಿಗೆ ಬರೆಯಲು ಬಾರದು, ಕಣ್ಣೂ ಮಂಜು. ಅದಕ್ಕೆ ಕೆಳಗಿದ್ದ ಮನೆ ಓನರ್ ಶಿವಲಿಂಗಪ್ಪನವರೇ ಪುಸ್ತಕ ಬರೆದುಕೊಡುವುದು ವಾಡಿಕೆ. ಹಣೆಯ ತುಂಬ ವಿಭೂತಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಪ್ರಾರ್ಥನೆಗೂ ಅವರಿಗೂ ಸಂಬಂಧವಿಲ್ಲ. ಬಾಡಿಗೆಯವರ ಮನೆಗೆ ಎಷ್ಟು ಜನ ಬಂದರು, ಎಷ್ಟು ನೀರು ಖರ್ಚಾಯಿತು ಎಂಬುದರ ಮೇಲೆ ಮಾತ್ರ ಅವರಿಗೆ ಗಮನ. ಗೇಟಿನಲ್ಲಿ ಪೇಪರು ಓದುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, "ಚಪ್ಪಲಿ ಇಲ್ಲೇ ಬಿಡಿ, ಇಬ್ಬರೂ. ಮೆಟ್ಟಿಲು ಈಗಷ್ಟೇ ತೊಳೆಸಿದೀನಿ" ಅಂದರು.

ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೋದ ಸಲ ಸ್ಟೀಫನ್ ಇದ್ದನಲ್ಲ, ಆ ಅಭ್ಯಾಸಕ್ಕೆ ಅಂದಿರಬೇಕು ಅಂದುಕೊಂಡು ಮೇಲೆ ಹತ್ತಿದೆ.

ಅಲ್ಲಿಂದ ಎರಡು ಬಸ್ಸು ಬದಲಾಯಿಸಿ ಹೇರೋಹಳ್ಳಿಗೆ ಹೋದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಎರಡೂ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಕೊಟ್ಟದ್ದು ಒಂದೊಂದೇ ಟಿಕೆಟ್. ಯಾರಾದರೂ ನನ್ನ ಬೆನ್ನು ಹತ್ತಿ ಬಂದಿದ್ದರೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಹೇರೋಹಳ್ಳಿಯ ಆ ರಸ್ತೆಯಲ್ಲಿ ಮಧ್ಯಾಹ್ನ ಹನ್ನೆರಡರ ಬಿಸಿಲು. ಮೋರಿಗೆಂದು ಅಗೆದು ಬಿಟ್ಟಿದ್ದ ಮಣ್ಣಿನ ರಾಶಿಗಳ ಮಧ್ಯೆ ದಾರಿ ನೋಡಿಕೊಂಡು ನಡೆಯಬೇಕು. ಹಿಂದೆ ಮುಂದೆ ಒಂದು ನಾಯಿಯೂ ಇರಲಿಲ್ಲ.

ಮೂರನೆಯ ಮನೆ ರಾಜಮ್ಮ ಅಜ್ಜಿಯದು. ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಒಬ್ಬರೇ. ಸಕ್ಕರೆ ಕಾಯಿಲೆ, ಆದರೆ ಕಣ್ಣು ಚೆನ್ನಾಗಿತ್ತು. ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು. ನನ್ನನ್ನು ಕೂರಿಸಿ ಒಳಗೆ ಹೋಗಿ, ಎರಡು ಸ್ಟೀಲ್ ಲೋಟದಲ್ಲಿ ಟೀ ತಂದರು. ಒಂದನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದನ್ನು ನನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆ, ಟೀಪಾಯಿಯ ಮೇಲೆ ಇಟ್ಟರು.

"ತೊಗೊಳ್ಳಪ್ಪ, ಸಂಕೋಚ ಮಾಡ್ಕೋಬೇಡ" ಅಂದರು. ನನಗಲ್ಲ, ಆ ಕುರ್ಚಿಗೆ.

ಏನಾದರೂ ಕೇಳಬೇಕಿತ್ತು, ಕೇಳಲಿಲ್ಲ. ವಯಸ್ಸಾದವರು, ಏನೋ ಮರೆವು ಅಂದುಕೊಂಡೆ. ಅರ್ಧ ಗಂಟೆ ಅವರ ಮಾತು ಕೇಳಿದೆ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ, ಪುಸ್ತಕ ಕೊಟ್ಟೆ, ಬರೆದರು, ಎದ್ದು ಬಂದೆ. ಎದ್ದಾಗ ಆ ಎರಡನೆಯ ಲೋಟದಲ್ಲಿ ಟೀ ಇತ್ತೋ ಖಾಲಿಯಾಗಿತ್ತೋ ನಾನು ನೋಡಲೇ ಇಲ್ಲ. ಕೈಗೆಟಕುವಷ್ಟು ಹತ್ತಿರ ಇತ್ತು. ಇವತ್ತಿಗೂ ನನಗೆ ಬೇಜಾರಿರುವುದು ಅದೊಂದಕ್ಕೇ.

ಬಸ್ ಸ್ಟಾಪಿನಲ್ಲಿ ಪುಸ್ತಕ ತೆರೆದೆ. ವಿನೋದ ಬರೆದಿದ್ದ: "ಬ್ರದರ್ಸ್ ಇಬ್ಬರು ಬಂದು ಅರ್ಧ ತಾಸು ಕುಂತಿದ್ದರು." ರಾಜಮ್ಮ ಅಜ್ಜಿಯ ದೊಡ್ಡ ಅಕ್ಷರ: "ಇಬ್ಬರು ಬಂದ್ರು, ಸಂತೋಷ ಆಯ್ತು." ಶಿವಲಿಂಗಪ್ಪನವರದು ಕಚೇರಿ ಶೈಲಿ: "ಮೇಲ್ಕಂಡ ದಿನ ಇಬ್ಬರು ವ್ಯಕ್ತಿಗಳು ಸದರಿ ಮನೆಗೆ ಆಗಮಿಸಿ, ನಲವತ್ತು ನಿಮಿಷ ಇದ್ದು ತೆರಳಿರುತ್ತಾರೆ."

ಸಂಜೆ ಸ್ಟೀಫನ್ ಮಲಗಿದ್ದಲ್ಲೇ ಮೂರನ್ನೂ ಓದಿದ. "ಏನ್ ಮಗಾ, ನನಗೆ ಜ್ವರ ಬಂದ ದಿನಾನೇ ಬೇರೆ ಜೋಡಿ ಹುಡುಕ್ಕೊಂಡ್ಯಾ?" ಎಂದು ನಕ್ಕ. ನಾನು ನಡೆದದ್ದು ಹೇಳಿದೆ. ನಗು ನಿಂತಿತು. ಮೂರನ್ನೂ ಇನ್ನೊಮ್ಮೆ ಓದಿ, "ಸರಿ ಕಣೋ, ಒಳ್ಳೇದೇ ಆಯ್ತಲ್ಲ. ಅವರೇ ಇಬ್ಬರು ಅಂತ ಬರೆದಿದ್ದಾರೆ. ಪೆನ್ನು ಕೊಡು" ಅಂದ.

ಅವನು ಸಹಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಪುಸ್ತಕ ವಾಪಸು ತೆಗೆದುಕೊಂಡೆ. ನಾನು ಒಳ್ಳೆಯವನೆಂದು ಅಲ್ಲ. ಸಹಿ ಹಾಕಿಸಲೆಂದೇ ಹೊರಟಿದ್ದವನು ನಾನು. ಆ ಖಾಲಿ ಗೆರೆ ಬೇರೆ ಯಾರದೋ ಜಾಗ ಅನ್ನಿಸಿಬಿಟ್ಟಿತ್ತು. ಅದರ ಮೇಲೆ ಸ್ಟೀಫನ್ನನ ಹೆಸರು ಬರೆಸಲು ನನಗೆ ಹೆದರಿಕೆಯಾಯಿತು.

ಸೋಮವಾರ ಬೆಳಿಗ್ಗೆ ಮೇಡಂ ಪುಸ್ತಕ ತಿರುವಿ, ಕೊನೆಯ ಪುಟಗಳಲ್ಲಿ ನಿಂತರು.

"ಮೂರು ಕಡೆ ಸ್ಟೀಫನ್ ಸಹಿ ಇಲ್ಲ. ಮರೆತನಾ?"

"ಅವನು ಬಂದಿರಲಿಲ್ಲ ಮೇಡಂ. ಜ್ವರ ಇತ್ತು. ನಾನೊಬ್ಬನೇ ಹೋಗಿದ್ದೆ."

"ಮನೆಯವರು ಇಬ್ಬರು ಅಂತ ಬರೆದಿದ್ದಾರಲ್ಲ. ಯಾರನ್ನ ಕರ್ಕೊಂಡು ಹೋಗಿದ್ದೆ? ಫ್ರೆಂಡಾ? ಹೇಳು ಪರವಾಗಿಲ್ಲ. ಸಭೆಯವನೇ ಆಗಿದ್ರೆ ನಾನು ಒಪ್ಕೊಳ್ತೀನಿ."

ಎದುರಿಗೇ ಬಾಗಿಲು ತೆರೆದಿಟ್ಟ ಹಾಗಿತ್ತು. ಹೂಂ ಅಂದರೆ ಮೂವತ್ತು ಪೂರ್ತಿ. ಅಮ್ಮ ಆಗಲೇ ಗಾರ್ಮೆಂಟ್ಸಿನ ಲೈನಿಗೆಲ್ಲ ಹೇಳಿಕೊಂಡಿದ್ದರು. ಭಾನುವಾರ ಸರ್ಟಿಫಿಕೇಟು ಕೊಡುವ ಸಮಾರಂಭಕ್ಕೆ ಕಾಕಾ ಊರಿಂದ ರೈಲು ಬುಕ್ ಮಾಡಿಸಿದ್ದರು.

"ಯಾರೂ ಇರಲಿಲ್ಲ ಮೇಡಂ. ಒಬ್ಬನೇ."

ಮೇಡಂ ಪುಸ್ತಕದಲ್ಲಿದ್ದ ಶಿವಲಿಂಗಪ್ಪನವರ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ, "ಅಲ್ರೀ ಮೇಡಂ, ಮೂವತ್ತು ವರ್ಷ ಸಾಕ್ಷಿಗಳ ಮುಖ ನೋಡಿ ಸಹಿ ಹಾಕಿಸಿದೋನು ನಾನು. ಒಬ್ಬನ್ನ ಇಬ್ಬರು ಅಂತ ಬರೀತೀನಾ? ನಿಮ್ಮ ಹುಡುಗ ಮುಂದೆ, ಅವನ ಹಿಂದೆ ಇನ್ನೊಬ್ಬ. ಬೂದಿ ಬಣ್ಣದ ಸ್ವೆಟರು. ಬಿಸಿಲಲ್ಲಿ ಸ್ವೆಟರ್ ಯಾಕಪ್ಪ ಅನ್ಕೊಂಡೆ. ಚಪ್ಪಲಿ ಮಾತ್ರ ಬಿಡಲಿಲ್ಲ, ಯಾಕಂದ್ರೆ ಹಾಕ್ಕೊಂಡೇ ಇರಲಿಲ್ಲ" ಎಂದು ಬಂತು.

ಮೇಡಂ ಫೋನಿಟ್ಟರು. ಕೆಂಪು ಪೆನ್ನಿನಿಂದ ಮೂರೂ ಭೇಟಿಗಳನ್ನು ಹೊಡೆದುಹಾಕಿದರು. ಆಮೇಲೆ ಗಡಿಯಾರ ನೋಡಿ, ಎದ್ದು, ಛತ್ರಿ ತೆಗೆದುಕೊಂಡರು.

"ಪಾಸಾದವರ ಪಟ್ಟಿ ಸಂಜೆ ಐದಕ್ಕೆ ಕಳಿಸ್ಬೇಕು. ಈಗ ಹತ್ತೂಕಾಲು. ನಡಿ, ಆಟೋ ಹಿಡಿ. ಇವತ್ತು ನಿನ್ನ ಜೊತೆಗಾರ್ತಿ ನಾನು."

ಆಟೋದಲ್ಲಿ ಒಂದೇ ಮಾತು ಆಡಿದರು. "ಸುಳ್ಳು ಹೇಳೋನು ತನಗೆ ಲಾಭ ಇರೋ ಕಡೆ ಹೇಳ್ತಾನೆ. ನೀನು ನಷ್ಟ ಆಗೋ ಕಡೆ ಹೇಳ್ತಿದೀಯ. ಅಲ್ಲಿಗೆ ನಿನ್ನ ಲೆಕ್ಕ ಸರಿ ಹೋಯ್ತು. ಉಳಿದದ್ದು ನನಗೆ ಗೊತ್ತಿಲ್ಲ."

ಮೇಡಂ ಅವರನ್ನು ನೋಡಿ ವಿನೋದ ಗಾಬರಿಯಾಗಿ ಏಳಲು ಹೋದ. "ಆ ಇನ್ನೊಬ್ಬ ಬ್ರದರ್ ಬರಲಿಲ್ಲೇನ್ರಿ? ಪಾಪ, ಸ್ಟೂಲ್ ಮ್ಯಾಲೆ ಕುಂತಿದ್ರು, ಒಂದು ಮಾತೂ ಆಡ್ಲಿಲ್ಲ. ನಾ ಕಾಲು ನೋವು ಅಂದಾಗ ಹೂಂ ಅಂತ ತಲಿ ಅಲ್ಲಾಡ್ಸಿದ್ರು" ಅಂದ. ಬಟ್ಟೆ ಏನು ಎಂದು ಮೇಡಂ ಕೇಳಿದರು. ಸ್ವೆಟರು ಅಂದ. ವಿನೋದನಿಗೂ ಶಿವಲಿಂಗಪ್ಪನವರಿಗೂ ಪರಿಚಯವಿಲ್ಲ. ಕುರುಬರಹಳ್ಳಿಯಲ್ಲಿ ಶಿವಲಿಂಗಪ್ಪನವರು ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿ, ನಾವಿಬ್ಬರೂ ಮೆಟ್ಟಿಲು ಹತ್ತುವುದನ್ನು ಈ ಸಲ ಎದ್ದು ನಿಂತು ನೋಡಿದರು. "ಇವತ್ತು ನೀವಿಬ್ಬರೇ" ಎಂದು ನಮಗೆ ಕೇಳಿಸುವ ಹಾಗೆ ಹೇಳಿ ಕೂತರು.

ಹೇರೋಹಳ್ಳಿ ತಲುಪಿದಾಗ ಎರಡೂವರೆ. ರಾಜಮ್ಮ ಅಜ್ಜಿ ಸಂಭ್ರಮದಿಂದ ಒಳಗೆ ಹೋಗಿ ಟೀ ತಂದರು. ಮೂರು ಲೋಟ. ಮೇಡಂಗೆ ಒಂದು, ನನಗೆ ಒಂದು, ಖಾಲಿ ಕುರ್ಚಿಯ ಮುಂದೆ ಒಂದು.

"ನಿಮಗಾ ಅಜ್ಜಿ?" ಎಂದು ಮೇಡಂ ಕೇಳಿದರು.

"ನಾನು ಟೀ ಬಿಟ್ಟು ಎಷ್ಟೋ ವರ್ಷ ಆಯ್ತಮ್ಮ. ಆವತ್ತು ಬಂದಿದ್ದ ಹುಡುಗ ಹಿಂದೆ ಬರ್ತಿರಬೇಕು ಅಂತ ಹಾಕ್ದೆ. ಬರಲಿಲ್ವಾ? ಮಾತಾಡೋದಿಲ್ಲ ಪಾಪ, ಆದ್ರೆ ಲೋಟ ಪೂರ್ತಿ ಖಾಲಿ ಮಾಡಿದ್ದ. ಸ್ವೆಟರ್ ಮೊಣಕೈ ಹತ್ರ ಹರಿದಿತ್ತು. ಬಿಚ್ಚಿ ಕೊಡಪ್ಪ ಹೊಲಿದುಕೊಡ್ತೀನಿ ಅಂತ ಹೇಳೋಣ ಅನ್ಕೊಂಡೆ, ಅಷ್ಟರಲ್ಲಿ ನೀವು ಎದ್ರಿ."

ಈ ಸಲ ನಾನು ಆ ಲೋಟದಿಂದ ಕಣ್ಣು ತೆಗೆಯಲಿಲ್ಲ. ಪ್ರಾರ್ಥನೆ ಹೇಳಿದ್ದು ಮೇಡಂ. ನಾನು ಕಣ್ಣು ತೆರೆದುಕೊಂಡೇ ಇದ್ದೆ. ಹಬೆ ನಿಂತಿತು, ಮೇಲೆ ಕೆನೆ ಕಟ್ಟಿತು. ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಆಮೆನ್ ಆದಮೇಲೆ ಮೇಡಂ ಒಂದು ಗಳಿಗೆ ಅದನ್ನೇ ನೋಡಿ, ಕೈ ಚಾಚಿ ಎತ್ತಿಕೊಂಡು, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು.

"ವೇಸ್ಟ್ ಮಾಡಬಾರದು" ಅಂದರು. ಆಮೇಲೆ ನಾನು ಆ ಕೇಂದ್ರ ಬಿಡುವವರೆಗೆ ಅವರು ಈ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೂರು ಭೇಟಿಗಳ ಕೆಳಗೂ ಎರಡನೆಯ ಸಹಿ ಮೇಡಂ ಅವರದು. ಪಟ್ಟಿ ಐದಕ್ಕೆ ಮೊದಲೇ ಹೋಯಿತು.

ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಹರಿದ ಸ್ವೆಟರಿನ, ಬರಿಗಾಲಿನ, ಮಾತಾಡದ ಹುಡುಗನನ್ನು ನಾನು ಬಲ್ಲವರಲ್ಲಿ ಹುಡುಕಿದೆ, ಸತ್ತವರಲ್ಲೂ ಹುಡುಕಿದೆ. ಹೋಲುವವರು ಯಾರೂ ಸಿಗಲಿಲ್ಲ. ಜೊತೆಯ ಹುಡುಗರು ದೇವದೂತ ಅಂದರು. ಹಾಗೆಂದು ಒಪ್ಪಿಕೊಂಡರೆ ನನ್ನ ಬೆಲೆ ಏರುತ್ತದೆ, ಅದಕ್ಕೇ ನಾನು ಹಾಗೆ ಹೇಳುವುದಿಲ್ಲ. ಅಮ್ಮ ಮಾತ್ರ, ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ ಅಂದರು. ಮೂವರು ಮೂರು ಜಾಗದಲ್ಲಿ ಹಗಲು ಹೊತ್ತಿನಲ್ಲಿ ಕಂಡದ್ದನ್ನು ಪಕ್ಕದಲ್ಲೇ ಇದ್ದ ನಾನೊಬ್ಬ ಕಾಣಲಿಲ್ಲ. ನನಗೆ ತಿಳಿದಿರುವುದು ಇಷ್ಟೇ.

ಭಾನುವಾರದ ಸಮಾರಂಭದಲ್ಲಿ ಜೋಡಿ ಜೋಡಿಯಾಗಿ ವೇದಿಕೆಗೆ ಕರೆಯುವುದು ಪದ್ಧತಿ. ಸ್ಟೀಫನ್ ಮೂರು ಭೇಟಿ ಕಡಿಮೆಯಾಗಿ ಮುಂದಿನ ಬ್ಯಾಚಿಗೆ ಹೋಗಿದ್ದ. ಹಿಂದಿನ ಸಾಲಿನಲ್ಲಿ ಕೂತು ಸಿಳ್ಳೆ ಹಾಕಿದ. ನಾನು ಒಬ್ಬನೇ ಹತ್ತಿದೆ. ಸರ್ಟಿಫಿಕೇಟು ಕೊಡುವಾಗ ಮೇಡಂ ನನ್ನ ಭುಜದ ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ನನ್ನ ಮುಖ ನೋಡಿದರು.

ಹಿಂದಿನ ದಿನವೇ ಕಾಕಾನಿಗೆ ಎಲ್ಲ ಹೇಳಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕೆಳಗಿಳಿದು ಬಂದಾಗ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ದೂರ ಹಿಡಿದು, ಬೆರಳಿಟ್ಟು ಓದಿದರು. ಓದಿ, ಹಿಂದುಗಡೆಯೂ ತಿರುಗಿಸಿ ನೋಡಿದರು.

"ಒಬ್ಬಂದ ಹೆಸರು ಬರದಾರ?"

"ಹೂಂ ಕಾಕಾ. ಒಬ್ಬಂದೇ."

"ಹಂಗಾರ ಇದು ಖರೇ ಕಾಗದ," ಅಂದರು ಕಾಕಾ. "ನಿಮ್ಮವ್ವನ ಕೈಯಾಗ ಕೊಡು, ನಡಿ."